ದೋಣಿಯ ತಳ ನೋಡಿದ್ದೀರಾ?



ಒಂದು ದೋಣಿಯ ಚಿತ್ರ ಬರೆಯಿರಿ ಎಂದರೆ ನೀವು ಹೇಗೆ ಬರೆಯುತ್ತೀರಿ? ಶಾಲೆಗಳಿಗೆ ಹೋದಾಗ ನಾನು ಆಗಾಗ ಈ ಪ್ರಶ್ನೆ ಕೇಳುವುದುಂಟು. ಹೆಚ್ಚಿನವರು ಅರ್ಧಚಂದ್ರದಂಥ ಒಂದು ಗೆರೆ ಎಳೆದು, ಮೇಲೊಂದು ಬಾವುಟ ನೆಟ್ಟು, ಕೆಳಗೆ ನಾಲ್ಕು ಅಲೆ ಬರೆದು ಮುಗಿಸುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ದೋಣಿಯನ್ನು ಕೆಳಗಿನಿಂದ ನೋಡಿದಂತೆ ಬರೆದವರು ನನಗೆ ಇದುವರೆಗೆ ಸಿಕ್ಕಿಲ್ಲ. ಅದು ಸಹಜವೇ. ನೀರಿನಲ್ಲಿರುವ ದೋಣಿಯ ತಳ ಯಾರಿಗೂ ಕಾಣುವುದಿಲ್ಲ. ಆದರೂ ದೋಣಿಯಲ್ಲಿ ಕುಳಿತವರ ಬಟ್ಟೆ ನೆನೆಯುತ್ತದೆಯೇ, ಅವರ ಬೆನ್ನಿಗೆ ಪೆಟ್ಟು ಬೀಳುತ್ತದೆಯೇ, ಎಂಜಿನ್ನು ಎಷ್ಟು ಇಂಧನ ಕುಡಿಯುತ್ತದೆ ಎಂಬುದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸುವುದು ಕಣ್ಣಿಗೆ ಕಾಣದ ಆ ತಳವೇ.

ಇದು ಆಟದ ವಿಷಯವಲ್ಲ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ದೊಡ್ಡ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನುಗಳು ಮೊಟ್ಟೆಯಿಟ್ಟು ಮರಿ ಮಾಡಲು ಬಿಡುವು ಸಿಗಲೆಂದು ಈ ನಿಷೇಧ. ಆಗ ನಾಡದೋಣಿಗಳಿಗೆ ಮತ್ತು 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ಸಣ್ಣ ದೋಣಿಗಳಿಗೆ ಮಾತ್ರ ಅವಕಾಶ. ಸಮುದ್ರ ಅತಿ ಹೆಚ್ಚು ಒರಟಾಗಿರುವ ತಿಂಗಳುಗಳೂ ಅವೇ. ಅಂದರೆ ಅತ್ಯಂತ ದೊಡ್ಡ ಅಲೆಗಳನ್ನು ಎದುರಿಸುವುದು ಅತ್ಯಂತ ಚಿಕ್ಕ ದೋಣಿಗಳು. ಆ ದೋಣಿಗಳಲ್ಲಿ ನಿಮ್ಮಲ್ಲಿ ಕೆಲವರ ತಂದೆ, ಅಣ್ಣ, ಮಾವ ಇರಬಹುದು. ಹಾಗಾಗಿ ದೋಣಿಯ ತಳದ ವಿಜ್ಞಾನವನ್ನು ನಾವು ಸ್ವಲ್ಪ ನಿಧಾನವಾಗಿಯೇ ತಿಳಿದುಕೊಳ್ಳೋಣ.

ತೇಲುವ ದೋಣಿ, ಜಾರುವ ದೋಣಿ

ನಿಂತ ದೋಣಿ ತೇಲುವುದೇಕೆ ಎಂಬುದು ನಿಮಗೆ ಗೊತ್ತು. ಅದು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸ್ ಹೇಳಿದ ನಿಯಮ ಇದೇ. ದೋಣಿ ನಿಧಾನವಾಗಿ ಸಾಗುವಾಗಲೂ ಇದೇ ನಿಯಮ ಅದನ್ನು ಎತ್ತಿ ಹಿಡಿಯುತ್ತದೆ. ಆದರೆ ಸಾಗುವಾಗ ಅದು ನೀರನ್ನು ದೂಡುತ್ತದೆಯಲ್ಲ, ಆಗ ಮುಂದೆ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಅಲೆಯ ಉದ್ದವೂ ಹೆಚ್ಚುತ್ತದೆ. ಕೊನೆಗೆ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿಯ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಭಾಗ ಮುಂದಿನ ಅಲೆಯ ನೆತ್ತಿಯ ಮೇಲೆ ಕುಳಿತುಬಿಡುತ್ತದೆ. ಇನ್ನೂ ವೇಗ ಬೇಕೆಂದರೆ ತಾನೇ ಎಬ್ಬಿಸಿದ ಅಲೆಯ ಗುಡ್ಡವನ್ನು ತಾನೇ ಹತ್ತಬೇಕು! 4 ಮೀಟರ್ ಉದ್ದದ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 9 ಕಿ.ಮೀ. 9 ಮೀಟರ್ ಉದ್ದದ ದೋಣಿಗೆ ಸುಮಾರು 13 ಕಿ.ಮೀ. ಉದ್ದ ದೋಣಿಗೆ ಓಟ ಸುಲಭ ಎಂದು ಹಳಬರು ಹೇಳುವುದಕ್ಕೆ ಕಾರಣ ಇದೇ.

ಈ ಗುಡ್ಡವನ್ನು ದಾಟುವ ಉಪಾಯ ಒಂದಿದೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಬೀಸಿ ಎಸೆದು ಅದು ಕುಪ್ಪಳಿಸುವಂತೆ ಮಾಡುವ ಆಟ ನೀವು ಆಡಿದ್ದೀರಿ. ಕಲ್ಲು ತೇಲುವ ವಸ್ತುವಲ್ಲ. ಆದರೂ ವೇಗವಿರುವಷ್ಟು ಹೊತ್ತು ನೀರು ಅದನ್ನು ಮೇಲಕ್ಕೆ ದೂಡುತ್ತದೆ. ಬಲವಾದ ಎಂಜಿನ್ ಇರುವ ದೋಣಿಯೂ ಹೀಗೆಯೇ. ಸಾಕಷ್ಟು ವೇಗ ಬಂದಾಗ ಅದು ನೀರಿನೊಳಗಿಂದ ಮೇಲೆದ್ದು ನೀರಿನ ಮೇಲೆ ಜಾರತೊಡಗುತ್ತದೆ. ಆಗ ತಳದ ಸ್ವಲ್ಪ ಭಾಗ ಮಾತ್ರ ನೀರಿಗೆ ತಾಗಿರುತ್ತದೆ. ಘರ್ಷಣೆ ಕಡಿಮೆ, ವೇಗ ಹೆಚ್ಚು.

ಕಲ್ಲಿನ ಆಟಕ್ಕೆ ನೀವು ಚಪ್ಪಟೆ ಕಲ್ಲನ್ನೇ ಆರಿಸುತ್ತೀರಿ, ಉರುಟು ಕಲ್ಲನ್ನಲ್ಲ. ಅದೇ ರೀತಿ ನೀರಿನ ಮೇಲೆ ಜಾರಲು ಚಪ್ಪಟೆ ತಳವೇ ಅತಿ ಸುಲಭ. ಚಪ್ಪಟೆ ತಳದ ದೋಣಿ ಚಿಕ್ಕ ಎಂಜಿನ್ನಿನಲ್ಲೂ ಬೇಗ ಮೇಲೇಳುತ್ತದೆ, ಕಡಿಮೆ ನೀರಿನಲ್ಲೂ ಸಾಗುತ್ತದೆ, ನಿಂತಾಗ ಹೆಚ್ಚು ಓಲಾಡುವುದಿಲ್ಲ. ಇಷ್ಟೆಲ್ಲ ಗುಣಗಳಿದ್ದ ಮೇಲೆ ಎಲ್ಲ ದೋಣಿಗಳ ತಳವನ್ನೂ ಚಪ್ಪಟೆಯಾಗಿಯೇ ಮಾಡಬಹುದಿತ್ತಲ್ಲ? ನೀರು ಕನ್ನಡಿಯಂತೆ ಶಾಂತವಾಗಿದ್ದರೆ ಮಾಡಬಹುದಿತ್ತು. ತೊಂದರೆ ಬರುವುದು ಅಲೆಗಳಿಂದ.

ನೀರೂ ಗಟ್ಟಿಯಾಗಬಲ್ಲದು

ಕೆರೆಗೋ ಬಾವಿಗೋ ಹಾರುವಾಗ ಹೊಟ್ಟೆ ಅಡಿಯಾಗಿ ಬಿದ್ದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಚರ್ಮ ಕೆಂಪಾಗಿ ಉರಿಯುತ್ತದೆ. ಅದೇ ಎತ್ತರದಿಂದ ಕೈಗಳನ್ನು ಜೋಡಿಸಿ ಬೆರಳ ತುದಿ ಮುಂದಾಗಿ ಧುಮುಕಿದವರಿಗೆ ಏನೂ ಆಗುವುದಿಲ್ಲ. ನೀರು ಅದೇ, ಎತ್ತರ ಅದೇ, ದೇಹವೂ ಅದೇ. ವ್ಯತ್ಯಾಸ ಎಲ್ಲಿದೆ?

ವ್ಯತ್ಯಾಸ ಇರುವುದು ನೀರಿಗೆ ಸಿಗುವ ಸಮಯದಲ್ಲಿ. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋಗ್ರಾಂ. ಸಮುದ್ರದ ನೀರಾದರೆ ಇನ್ನೂ 25 ಕಿಲೋಗ್ರಾಂ ಹೆಚ್ಚು. ಇಷ್ಟು ಭಾರದ ವಸ್ತು ಥಟ್ಟನೆ ಪಕ್ಕಕ್ಕೆ ಸರಿಯಲಾರದು. ಚೂಪಾದ ವಸ್ತು ನೀರನ್ನು ಸ್ವಲ್ಪ ಸ್ವಲ್ಪವಾಗಿ ಸರಿಸುತ್ತದೆ. ಅಗಲವಾದ ವಸ್ತು ಇಷ್ಟೂ ನೀರು ಈಗಲೇ ಸರಿಯಬೇಕೆಂದು ಒತ್ತುತ್ತದೆ. ನೀರು ಸರಿಯುವುದಿಲ್ಲ. ತಿರುಗಿ ಹೊಡೆಯುತ್ತದೆ.

ಒಂದು ಲೆಕ್ಕ ಮಾಡೋಣ. ಅಲೆಯ ನೆತ್ತಿಯಿಂದ ಜಿಗಿದ ದೋಣಿ 1 ಮೀಟರ್ ಕೆಳಗೆ ಬಿದ್ದಿತೆನ್ನಿ. ನೀರಿಗೆ ತಾಗುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಚಪ್ಪಟೆ ತಳದ ದೋಣಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆಂದು ಊಹಿಸಿ. ಆಗ ಅದರಲ್ಲಿ ಕುಳಿತ ನಿಮ್ಮ ವೇಗವನ್ನು ಇಲ್ಲವಾಗಿಸಲು ಬೇಕಾಗುವ ಬಲ ನಿಮ್ಮ ತೂಕದ ಸುಮಾರು ನಾಲ್ಕೂವರೆ ಪಟ್ಟು! ಅದೇ ದೋಣಿಯ ತಳ ಚೂಪಾಗಿದ್ದು, ನಿಲ್ಲಲು ನಾಲ್ಕು ಪಟ್ಟು ಹೆಚ್ಚು ಸಮಯ ತೆಗೆದುಕೊಂಡರೆ ಆ ಬಲ ನಿಮ್ಮ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಕ್ರಿಕೆಟ್ ಆಟಗಾರ ಚೆಂಡು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಕೈ ಎಳೆದುಕೊಂಡರೂ ಚೆಂಡು ನಿಲ್ಲುತ್ತದೆ, ಆದರೆ ನಿಧಾನವಾಗಿ ನಿಲ್ಲುತ್ತದೆ.

ಒಮ್ಮೆ ಕಡಲ ತೀರದ ಶಾಲೆಯೊಂದರ ಏಳನೇ ತರಗತಿಯ ಮಕ್ಕಳೊಂದಿಗೆ ನಾನು ಮರಳದಂಡೆಗೆ ಹೋಗಿದ್ದೆ. ಬಣ್ಣ ಬಳಿಯಲೆಂದು ಕವುಚಿಟ್ಟಿದ್ದ ಒಂದು ಫೈಬರ್ ದೋಣಿ ಅಲ್ಲಿತ್ತು. ಅದರ ಯಜಮಾನರಿಗೆ ಐವತ್ತರ ಆಸುಪಾಸು. ದೋಣಿಯ ತಳವನ್ನು ಮುಟ್ಟಿ ನೋಡಲು ಮಕ್ಕಳಿಗೆ ಸಂತೋಷದಿಂದ ಒಪ್ಪಿಗೆ ಕೊಟ್ಟರು. ಮೂತಿಯ ಹತ್ತಿರ ತಳ ಕತ್ತಿಯ ಹಾಗೆ ಚೂಪಾಗಿತ್ತು. ಹಿಂದೆ ಹಿಂದೆ ಬಂದಂತೆ ಅದು ಚಪ್ಪಟೆಯಾಗುತ್ತಾ ಹೋಗಿತ್ತು. ಮಾತಿನ ನಡುವೆ ಅವರು ಎದ್ದು ನಿಲ್ಲುವಾಗ ಸೊಂಟ ಹಿಡಿದುಕೊಂಡರು. ಇದೇಕೆ ಎಂದು ಹುಡುಗಿಯೊಬ್ಬಳು ಕೇಳಿದಳು. “ಮೂವತ್ತು ವರ್ಷ ಕಡಲು ಕೊಟ್ಟ ಪೆಟ್ಟು ಮಗಾ. ಬಲೆ ಎಳೆದದ್ದಕ್ಕಿಂತ ಅಲೆ ಬಡಿದದ್ದೇ ಹೆಚ್ಚು” ಎಂದರು. ವೇಗದ ದೋಣಿಗಳಲ್ಲಿ ವರ್ಷಗಟ್ಟಲೆ ದುಡಿಯುವವರಿಗೆ ಬೆನ್ನುಮೂಳೆಯ ತೊಂದರೆ ಬರುವುದು ವೈದ್ಯರಿಗೂ ಗೊತ್ತಿರುವ ಸಂಗತಿ. ಅದಕ್ಕಾಗಿಯೇ ಈಗ ಕೆಲವು ರಕ್ಷಣಾ ದೋಣಿಗಳಲ್ಲಿ ಸ್ಪ್ರಿಂಗ್ ಅಳವಡಿಸಿದ ಆಸನಗಳಿರುತ್ತವೆ. ಸಣ್ಣ ಮೀನು ದೋಣಿಯಲ್ಲಿ ಅಂಥ ಆಸನವಿಲ್ಲ. ಅಲ್ಲಿ ಪೆಟ್ಟನ್ನು ಕಡಿಮೆ ಮಾಡಬೇಕಾದದ್ದು ದೋಣಿಯ ತಳ ಮತ್ತು ದೋಣಿ ನಡೆಸುವವರ ಜಾಣ್ಮೆ.

1960ರ ಒಂದು ಸ್ಪರ್ಧೆ

ತಳದ ಆಕಾರ ಎಷ್ಟು ಮುಖ್ಯ ಎಂಬುದನ್ನು ಜಗತ್ತಿಗೆ ತೋರಿಸಿದ ಒಂದು ಘಟನೆ ಇದೆ. ಅಮೆರಿಕದ ರೇಮಂಡ್ ಹಂಟ್ ಎಂಬ ವಿನ್ಯಾಸಕಾರ 1950ರ ದಶಕದಲ್ಲಿ ವೇಗದ ದೋಣಿಗಳಿಗೆ ಹೊಸ ಬಗೆಯ ತಳ ರೂಪಿಸಿದ. ಇಂಗ್ಲಿಷಿನ ‘ವಿ’ ಅಕ್ಷರದಂಥ ತಳ ಹೊಸದೇನಲ್ಲ. ಆದರೆ ಅಂದಿನ ದೋಣಿಗಳಲ್ಲಿ ಮೂತಿಯ ಬಳಿ ಮಾತ್ರ ‘ವಿ’ ಇದ್ದು, ಹಿಂಭಾಗಕ್ಕೆ ಬರುವಾಗ ಅದು ಚಪ್ಪಟೆಯಾಗುತ್ತಿತ್ತು. ಹಂಟ್ ಆ ‘ವಿ’ಯನ್ನು ಹಿಂದಿನ ತುದಿಯವರೆಗೂ ಆಳವಾಗಿಯೇ ಉಳಿಸಿದ.

ಈ ‘ವಿ’ಯ ಆಳವನ್ನು ಕೋನದಲ್ಲಿ ಅಳೆಯುತ್ತಾರೆ. ಟೇಬಲ್ಲಿನ ಮೇಲೆ ದೋಣಿಯನ್ನು ನೇರವಾಗಿ ನಿಲ್ಲಿಸಿದರೆ, ನಡುವಿನ ಏಣಿನಿಂದ ಪಕ್ಕಕ್ಕೆ ಏರುವ ತಳವು ಟೇಬಲ್ಲಿನೊಂದಿಗೆ ಮಾಡುವ ಕೋನ ಅದು. ಪೂರ್ತಿ ಚಪ್ಪಟೆ ತಳಕ್ಕೆ ಈ ಕೋನ 0 ಡಿಗ್ರಿ. ಹಿಂಭಾಗದಲ್ಲೂ 20 ಡಿಗ್ರಿ ಮೀರಿದರೆ ಅದನ್ನು ಆಳವಾದ ‘ವಿ’ ಎನ್ನುತ್ತಾರೆ. ಹಂಟ್ ಆರಿಸಿಕೊಂಡದ್ದು ಸುಮಾರು 24 ಡಿಗ್ರಿ. ನಿಮ್ಮ ಕೋನಮಾಪಕದಲ್ಲಿ 24 ಡಿಗ್ರಿ ಗುರುತು ಮಾಡಿ ನೋಡಿ, ಅದೇನೂ ಬಹಳ ಕಡಿದಾಗಿ ಕಾಣುವುದಿಲ್ಲ. ಆದರೆ ಪರಿಣಾಮ ದೊಡ್ಡದು.

ಈ ತಳವನ್ನು ನೋಡಿ ಮೆಚ್ಚಿದ ರಿಚರ್ಡ್ ಬರ್ಟ್ರಾಮ್ ಎಂಬಾತ ಸುಮಾರು 31 ಅಡಿ ಉದ್ದದ ಮರದ ದೋಣಿಯೊಂದನ್ನು ಮಾಡಿಸಿ ಅದಕ್ಕೆ ‘ಮಾಪಿ’ ಎಂದು ಹೆಸರಿಟ್ಟ. 1960ರಲ್ಲಿ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಸ್ಸಾವ್ ಪಟ್ಟಣಕ್ಕೆ, ಸುಮಾರು 300 ಕಿ.ಮೀ. ದೂರದ ಮೋಟಾರು ದೋಣಿ ಸ್ಪರ್ಧೆ ನಡೆಯಿತು. ಆ ದಿನ ಸಮುದ್ರ ಕೆರಳಿತ್ತು. ಉಳಿದ ದೋಣಿಗಳು ಅಲೆಗೆ ಬಡಿಯದಿರಲು ವೇಗ ತಗ್ಗಿಸಲೇಬೇಕಾಯಿತು. ‘ಮಾಪಿ’ ಅಲೆಗಳನ್ನು ಸೀಳುತ್ತಾ ಸುಮಾರು 8 ಗಂಟೆಗಳಲ್ಲಿ ಗುರಿ ಮುಟ್ಟಿತು. ಸುಮಾರು ಎರಡು ಗಂಟೆಯ ಬಳಿಕ ಎರಡನೆಯದಾಗಿ ಬಂದ ದೋಣಿಯ ತಳವೂ ಹಂಟ್ ವಿನ್ಯಾಸದ್ದೇ ಆಗಿತ್ತು. ಮುಂದೆ ಅದೇ ಆಕಾರದಲ್ಲಿ ಫೈಬರ್ ಗ್ಲಾಸ್ ದೋಣಿಗಳು ತಯಾರಾದವು. ಇಂದು ಕಡಲಿನಲ್ಲಿ ವೇಗವಾಗಿ ಓಡುವ ಅನೇಕ ದೋಣಿಗಳ ತಳದಲ್ಲಿ ಈ ‘ವಿ’ ಇದೆ.

ಎರಚಲು ಎಲ್ಲಿಂದ ಬರುತ್ತದೆ?

ಪೆಟ್ಟಿನ ಕಥೆಯಾಯಿತು. ಇನ್ನು ಮೈ ನೆನೆಸುವ ಎರಚಲಿನ ಕಥೆ. ತಳ ನೀರನ್ನು ಒತ್ತಿದಾಗ ಆ ನೀರು ಎಲ್ಲಿಗಾದರೂ ಹೋಗಬೇಕಲ್ಲ? ಅದು ತಳಕ್ಕೆ ಅಂಟಿಕೊಂಡೇ ತೆಳುವಾದ ಹಾಳೆಯಂತೆ ನಡುವಿನಿಂದ ಪಕ್ಕಕ್ಕೆ ಚಿಮ್ಮುತ್ತದೆ. ‘ವಿ’ ಆಕಾರದ ತಳದಲ್ಲಿ ಪಕ್ಕಕ್ಕೆ ಎಂದರೆ ಮೇಲಕ್ಕೂ ಹೌದು. ದೋಣಿಯ ಮೈ ನುಣ್ಣಗೆ ಗುಂಡಾಗಿದ್ದರೆ ಆ ಹಾಳೆ ಮೈಗೆ ಅಂಟಿಕೊಂಡೇ ಏರಿ, ಅಂಚು ದಾಟಿ, ಹನಿಹನಿಯಾಗಿ ಒಡೆದು, ಗಾಳಿಯೊಂದಿಗೆ ನಿಮ್ಮ ಮುಖಕ್ಕೆ ಬಂದು ಬೀಳುತ್ತದೆ.

ಇದನ್ನು ತಡೆಯುವ ಉಪಾಯ ನಿಮ್ಮ ಶಾಲೆಯ ಗೋಡೆಯಲ್ಲೇ ಇರಬಹುದು. ಕಿಟಕಿಯ ಮೇಲಿನ ಸಜ್ಜಾದ ಕೆಳಮೈಯನ್ನು ಗಮನಿಸಿ. ಅಂಚಿನ ಹತ್ತಿರ ಉದ್ದಕ್ಕೂ ಒಂದು ಸಣ್ಣ ಏಣು ಅಥವಾ ತೋಡು ಇರುತ್ತದೆ. ಮಳೆನೀರು ಸಜ್ಜಾದ ಅಂಚಿನಿಂದ ಕೆಳಮೈಗೆ ಅಂಟಿಕೊಂಡು ಗೋಡೆಯತ್ತ ಹರಿಯಲು ಹೊರಡುತ್ತದೆ. ಏಣಿನ ಬಳಿ ಬಂದಾಗ ಮುಂದೆ ಹೋಗಲಾರದೆ ತೊಟ್ಟಿಕ್ಕಿ ಬೀಳುತ್ತದೆ. ಗೋಡೆ ಒಣಗಿರುತ್ತದೆ. ನೀರು ಗುಂಡಾದ ಮೈಯನ್ನು ಹಿಡಿದುಕೊಂಡು ಹೋಗಬಲ್ಲದು, ಆದರೆ ಚೂಪಾದ ಅಂಚಿನಲ್ಲಿ ತಿರುಗಲಾರದೆ ಬಿಟ್ಟುಕೊಡುತ್ತದೆ.

ದೋಣಿಯ ತಳದಲ್ಲೂ ಇದೇ ತಂತ್ರ. ಮೂತಿಯಿಂದ ಹಿಂದಕ್ಕೆ ಉದ್ದುದ್ದ ಪಟ್ಟಿಗಳನ್ನು ಕೂರಿಸುತ್ತಾರೆ. ಪಟ್ಟಿಯ ಕೆಳಮೈ ಮಟ್ಟಸ, ಹೊರ ಅಂಚು ಚೂಪು. ಏರಿ ಬರುವ ನೀರಿನ ಹಾಳೆ ಅಲ್ಲಿ ಮೈಬಿಟ್ಟು ಹೊರಕ್ಕೆ, ಕೆಳಕ್ಕೆ ಹಾರುತ್ತದೆ. ನ್ಯೂಟನ್ನನ ಮೂರನೇ ನಿಯಮ ನೆನಪಿದೆಯಲ್ಲವೇ? ನೀರನ್ನು ಕೆಳಕ್ಕೆ ತಿರುಗಿಸಿದ ಪಟ್ಟಿಯನ್ನು ನೀರು ಮೇಲಕ್ಕೆ ದೂಡುತ್ತದೆ. ಹೀಗಾಗಿ ಎರಚಲು ಕಡಿಮೆಯಾಗುವುದರ ಜೊತೆಗೆ ದೋಣಿಗೆ ಸ್ವಲ್ಪ ಎತ್ತುವ ಬಲವೂ ಸಿಗುತ್ತದೆ. ಒಂದೇ ಕಲ್ಲಿಗೆ ಎರಡು ಹಣ್ಣು! ಹಂಟ್‌ನ ತಳದಲ್ಲಿಯೂ ಇಂಥ ಪಟ್ಟಿಗಳಿದ್ದವು. ತಳ ಮತ್ತು ಪಕ್ಕದ ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಮಾಡುವುದು, ಮೂತಿಯ ಮೇಲ್ಭಾಗವನ್ನು ಹೂವಿನ ದಳದಂತೆ ಹೊರಕ್ಕೆ ಅಗಲಿಸುವುದು ಇವೂ ಇದೇ ಕೆಲಸ ಮಾಡುತ್ತವೆ.

ಅಂದು ಮರಳದಂಡೆಯಲ್ಲಿ ಮಕ್ಕಳ ಬೆರಳಿಗೂ ಅಂಥ ಒಂದು ಪಟ್ಟಿ ಸಿಕ್ಕಿತು. ಅದರ ಅಂಚು ಒಂದು ಕಡೆ ಮರಳಿಗೆ ಉಜ್ಜಿ ಉಜ್ಜಿ ಸವೆದು ಗುಂಡಾಗಿತ್ತು. “ಈ ಕಡೆಯಿಂದಲೇ ನೀರು ಹೆಚ್ಚು ಒಳಗೆ ಬರುತ್ತದೆ, ಈ ಸಲ ಸರಿಮಾಡಿಸಬೇಕು” ಎಂದು ಯಜಮಾನರು ಹೇಳಿದರು. ಬೆರಳಿನಷ್ಟು ದಪ್ಪದ ಒಂದು ಅಂಚು ಮೊಂಡಾದರೆ ಇಡೀ ದಿನ ಉಪ್ಪುನೀರಿನಲ್ಲಿ ನೆನೆಯುವಂತಾಗುತ್ತದೆ ಎಂದಾಯಿತು.

ಹಾಗಾದರೆ ಎಲ್ಲ ದೋಣಿಗಳಿಗೂ ‘ವಿ’ ಯಾಕಿಲ್ಲ?

ಇದನ್ನು ಕೇಳಿದ್ದು ನಾನಲ್ಲ, ಅಂದಿನ ಗುಂಪಿನ ಒಬ್ಬ ಹುಡುಗ. ಒಳ್ಳೆಯ ಪ್ರಶ್ನೆ. ಉತ್ತರ ಇಷ್ಟೇ: ಆಳವಾದ ‘ವಿ’ ಪುಕ್ಕಟೆ ಸಿಗುವುದಿಲ್ಲ. ಅದು ನೀರಿನೊಳಗೆ ಹೆಚ್ಚು ಇಳಿಯುತ್ತದೆ, ಹಾಗಾಗಿ ಕಡಿಮೆ ಆಳದ ಹೊಳೆಯಲ್ಲಿ ತಳ ತಾಗುತ್ತದೆ. ನೀರಿನ ಮೇಲೆ ಏರಿ ಜಾರಲು ಅದಕ್ಕೆ ದೊಡ್ಡ ಎಂಜಿನ್ ಬೇಕು, ಹೆಚ್ಚು ಇಂಧನ ಬೇಕು. ನಿಂತಾಗ ಅದು ಪಕ್ಕಕ್ಕೆ ಹೆಚ್ಚು ಓಲಾಡುತ್ತದೆ. ನಿಂತ ದೋಣಿಯಲ್ಲಿ ಬಗ್ಗಿ ಬಲೆ ಎಳೆಯುವವರಿಗೆ ಅದೇ ಅಪಾಯ. 10 ಅಶ್ವಶಕ್ತಿಯ ಎಂಜಿನ್, ಬಲೆ, ಮೀನು, ನಾಲ್ಕೈದು ಜನ ಇರುವ ದೋಣಿ ನೀರಿನ ಮೇಲೆ ಜಾರುವ ವೇಗವನ್ನೇ ಮುಟ್ಟುವುದಿಲ್ಲ. ಅದಕ್ಕೆ ಆಳವಾದ ‘ವಿ’ ಕೊಟ್ಟರೆ ಖರ್ಚು ಉಂಟು, ಲಾಭವಿಲ್ಲ.

ಆದ್ದರಿಂದ ಬಹಳಷ್ಟು ಸಣ್ಣ ಮೋಟಾರು ದೋಣಿಗಳಲ್ಲಿ ನಡುದಾರಿ ಹಿಡಿಯುತ್ತಾರೆ. ಅಲೆಯನ್ನು ಮೊದಲು ಎದುರಿಸುವ ಮೂತಿ ಚೂಪು, ಭಾರ ಹೊರುವ ಹಿಂಭಾಗ ಹೆಚ್ಚುಕಡಿಮೆ ಚಪ್ಪಟೆ. ಮಕ್ಕಳು ಅಂದು ಮುಟ್ಟಿ ನೋಡಿದ ದೋಣಿ ಇಂಥದ್ದೇ.

ಮಜಾ ಏನು ಗೊತ್ತೇ? ಆಳವಾದ ‘ವಿ’ಗೆ ಹೆಸರಾದ ಅದೇ ಹಂಟ್, ರಿಚರ್ಡ್ ಫಿಷರ್ ಎಂಬ ತಯಾರಕನಿಗಾಗಿ ಪೂರ್ತಿ ಬೇರೆ ಬಗೆಯ ತಳವನ್ನೂ ರೂಪಿಸಿದ್ದ. 1958ರಲ್ಲಿ ಮಾರಾಟಕ್ಕೆ ಬಂದ ಬೋಸ್ಟನ್ ವೇಲರ್ ಎಂಬ 13 ಅಡಿಯ ದೋಣಿ ಅದು. ಅದರ ತಳ ಅಗಲ. ಅಂಚಿನಲ್ಲಿ ಒಬ್ಬರು ನಿಂತರೂ ಸುಲಭವಾಗಿ ವಾಲದು. ಎರಡು ಪದರಗಳ ನಡುವೆ ನೊರೆಯಂಥ ಹಗುರ ವಸ್ತು ತುಂಬಿದ್ದರಿಂದ ಮುಳುಗದು. 1961ರಲ್ಲಿ ಫಿಷರ್ ದೋಣಿಯಲ್ಲಿ ಕುಳಿತಿರುವಾಗಲೇ ಅದನ್ನು ಗರಗಸದಿಂದ ಎರಡು ತುಂಡು ಮಾಡಿದ ಚಿತ್ರಗಳು ‘ಲೈಫ್’ ಪತ್ರಿಕೆಯಲ್ಲಿ ಪ್ರಕಟವಾದವು. ಎರಡು ತುಂಡುಗಳೂ ತೇಲುತ್ತಿದ್ದವು! ಆದರೆ ಒರಟು ಅಲೆಗಳಲ್ಲಿ ಅದು ಕುಳಿತವರನ್ನು ಚೆನ್ನಾಗಿಯೇ ಕುಲುಕುತ್ತಿತ್ತು. ಒಬ್ಬನೇ ಮನುಷ್ಯ ಬಂದರಿನ ಶಾಂತ ನೀರಿಗೆ ಒಂದು ತಳ, ತೆರೆದ ಕಡಲಿಗೆ ಇನ್ನೊಂದು ತಳ ಮಾಡಿದ. ಯಾವುದು ಉತ್ತಮ ಎಂದು ಕೇಳುವ ಮೊದಲು ಯಾವ ನೀರಿಗೆ ಎಂದು ಕೇಳಬೇಕು.

ನಮ್ಮ ಹಿರಿಯರಿಗೂ ಇದು ತಿಳಿದಿತ್ತು. ತುಂಗಭದ್ರೆ, ಕಾವೇರಿಯ ಬಂಡೆಗಳ ನಡುವೆ ಸಾಗುವ ಹರಿಗೋಲನ್ನು ನೆನಪಿಸಿಕೊಳ್ಳಿ. ಅದಕ್ಕೆ ಮೂತಿಯೂ ಇಲ್ಲ, ಏಣೂ ಇಲ್ಲ. ಬುಟ್ಟಿಯಂಥ ಅದರ ತಳ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಅದೇ ಹರಿಗೋಲನ್ನು ಮಳೆಗಾಲದ ಅಳಿವೆಬಾಯಿಗೆ ಒಯ್ಯುವ ಹುಚ್ಚು ಯಾರಿಗೂ ಬೇಡ.

ಮಾಡಿ ನೋಡಿ

ಹಾಲು ಅಥವಾ ಹಣ್ಣಿನ ರಸದ, ಒಂದೇ ಅಳತೆಯ ಎರಡು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತನ್ನಿ. ಒಂದನ್ನು ಉದ್ದಕ್ಕೆ ನಟ್ಟನಡುವೆ ಕತ್ತರಿಸಿ. ಚಪ್ಪಟೆ ತಳದ ದೋಣಿ ಸಿದ್ಧ. ಇನ್ನೊಂದನ್ನು ಒಂದು ಮೂಲೆಯಿಂದ ಎದುರು ಮೂಲೆಗೆ, ಕರ್ಣದ ಗುಂಟ ಉದ್ದಕ್ಕೆ ಕತ್ತರಿಸಿ. ‘ವಿ’ ತಳದ ದೋಣಿ ಸಿದ್ಧ. ಎರಡರಲ್ಲೂ ಸಮ ತೂಕದ ಮರಳು ಹಾಕಿ ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ಬಿಡಿ.

1. ಯಾವುದು ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿದಿದೆ? ಅಳೆದು ಬರೆದುಕೊಳ್ಳಿ.
2. ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಯಾವುದು ಹೆಚ್ಚು ವಾಲುತ್ತದೆ?
3. ಎರಡನ್ನೂ ಒಂದು ಗೇಣು ಎತ್ತರದಿಂದ ನೇರವಾಗಿ ಬೀಳಿಸಿ. ಯಾವುದರ ಸದ್ದು ಹೆಚ್ಚು? ಯಾವುದರಿಂದ ಮರಳು ಹೆಚ್ಚು ಹಾರುತ್ತದೆ?

ಮರಳಿನ ಜಾಗದಲ್ಲಿ ನೀವು ಕುಳಿತಿದ್ದೀರಿ ಎಂದುಕೊಂಡರೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಈ ಪ್ರಯೋಗವನ್ನು ಶಾಲೆಯ ಟಬ್ಬಿನಲ್ಲೇ ಮಾಡಿ. ಕೆರೆ, ಹೊಳೆಯ ಬಳಿಗೆ ಒಬ್ಬೊಬ್ಬರೇ ಹೋಗಬೇಡಿ.

ದೋಣಿ ಹತ್ತುವಾಗ

ಪ್ರವಾಸದಲ್ಲಿ ನೀವು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೋ, ಯಾವುದಾದರೂ ಹಿನ್ನೀರಿನಲ್ಲೋ ದೋಣಿ ಹತ್ತಬಹುದು. ಆಗ ಈ ವಿಜ್ಞಾನವನ್ನು ಉಪಯೋಗಿಸಿ. ಅಲೆಯಲ್ಲಿ ದೋಣಿಯ ಮೂತಿಯೇ ಹೆಚ್ಚು ಏಳುತ್ತದೆ, ಬೀಳುತ್ತದೆ. ಆದ್ದರಿಂದ ಸಣ್ಣವರು, ವಯಸ್ಸಾದವರು, ಬೆನ್ನುನೋವು ಇರುವವರು ನಡುವಿನಲ್ಲೋ ಹಿಂದೆಯೋ ಕೂರುವುದು ಒಳ್ಳೆಯದು. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಪಕ್ಕದ ಎರಚಲು ಮರಳಿ ಒಳಗೆ ಬರುತ್ತದೆ. ಹಾಗೆಂದು ಎಲ್ಲರೂ ಎದ್ದು ಇನ್ನೊಂದು ಪಕ್ಕಕ್ಕೆ ಓಡಬೇಡಿ. ಎಷ್ಟೇ ಒಳ್ಳೆಯ ತಳವಿದ್ದರೂ ಒಂದೇ ಕಡೆ ಭಾರ ಬಿದ್ದರೆ ದೋಣಿ ಮಗುಚೀತು. ದೋಣಿ ನಡೆಸುವವರು “ಇಬ್ಬರು ಮುಂದೆ ಬನ್ನಿ” ಎಂದರೆ ಗೊಣಗಬೇಡಿ. ಹಿಂದೆ ಭಾರ ಹೆಚ್ಚಾದರೆ ಮೂತಿ ಮೇಲೆದ್ದು ಚಪ್ಪಟೆ ಭಾಗವೇ ಅಲೆಗೆ ಬಡಿಯುತ್ತದೆ. ಮುಂದೆ ಭಾರ ಹೆಚ್ಚಾದರೆ ಮೂತಿ ನೀರನ್ನು ನೇಗಿಲಿನಂತೆ ಉಳುತ್ತದೆ. ಎರಡನ್ನೂ ಸರಿದೂಗಿಸಲು ಅವರು ಹಾಗೆ ಹೇಳುತ್ತಾರೆ. ಅವರು ವೇಗ ತಗ್ಗಿಸಿದರೆ ಇನ್ನೂ ಜೋರಾಗಿ ಬಿಡಿ ಎಂದು ಕೂಗಬೇಡಿ. ಪೆಟ್ಟು ತಪ್ಪಿಸಲು ಇರುವ ಅತ್ಯಂತ ಅಗ್ಗದ ಉಪಾಯ ನಿಧಾನವೇ.

ಜೀವರಕ್ಷಕ ಜಾಕೆಟ್ಟನ್ನು ಮಾತ್ರ ಮರೆಯಬೇಡಿ. ಅದನ್ನು ಹೆಗಲಿಗೆ ನೇತುಹಾಕಿಕೊಂಡರೆ ಸಾಲದು, ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿರಬೇಕು. ನಿಮ್ಮ ಮನೆಯಲ್ಲಿ ಕಡಲಿಗೆ ಹೋಗುವವರಿದ್ದರೆ ಅವರಿಗೂ ಇದನ್ನು ನೆನಪಿಸಿ. ನಿಮ್ಮ ಮಾತನ್ನು ಅವರು ಕೇಳುತ್ತಾರೆ.